ಎರಡು ಚುಕ್ಕೆ, ಒಂದು ಗೆರೆ

ಪಿಸ್ತೂಲು ತಾನಾಗಿ ಸಿಡಿಯುವುದಿಲ್ಲ ಎಂಬ ಮಾತನ್ನು ಆ ವಾರ ಅವಳಿಗೆ ಹೇಳದವರೇ ಇರಲಿಲ್ಲ. ಠಾಣೆಯ ರೈಟರ್ ಹೇಳಿದ, ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ಕಾಂಪೌಂಡರ್ ಹೇಳಿದ, ಜನ್ಮದಲ್ಲಿ ಪಿಸ್ತೂಲು ಮುಟ್ಟದ ಪಕ್ಕದ ಮನೆಯಾಕೆಯೂ ಬಟ್ಟೆ ಒಣಹಾಕುತ್ತಾ ಹೇಳಿದಳು. ತಿಳಿಯದ ವಿಷಯದಲ್ಲಿ ಜನಕ್ಕೆ ಇರುವಷ್ಟು ಧೈರ್ಯ ತಿಳಿದ ವಿಷಯದಲ್ಲಿ ಇರುವುದಿಲ್ಲ.

ಅವಳು ಕಾವಲು ಪಡೆಯ ಪೇದೆ, ನಾಲ್ಕು ವರ್ಷದ ಸೇವೆ. ಬೆಳಗಿನ ಪಾಳಿಗೆ ಮುಂಚೆ ಆಯುಧದ ಕೋಣೆಯ ಕಿಟಕಿಯಲ್ಲಿ ಪಿಸ್ತೂಲು ಪಡೆದು, ಅಂಗಳದ ಮೂಲೆಯಲ್ಲಿದ್ದ ಮರಳು ತುಂಬಿದ ಡ್ರಮ್ಮಿನ ಮುಂದೆ ನಿಂತು ಗುಂಡು ತುಂಬಿಸಿಕೊಳ್ಳಬೇಕು. ನಳಿಗೆ ಮರಳಿನ ಕಡೆಗೆ, ಬೆರಳು ಟ್ರಿಗರಿನಿಂದ ಹೊರಗೆ. ಪಿಸ್ತೂಲಿನ ಮೇಲಿನ ಕವಚವನ್ನು, ಸ್ಲೈಡ್ ಎನ್ನುವುದನ್ನು, ಹಿಂದಕ್ಕೆ ಎಳೆದು ಬಿಟ್ಟರೆ ಅದು ಫಟ್ಟೆಂದು ಮುಂದಕ್ಕೆ ಬಡಿದು ಒಂದು ಗುಂಡನ್ನು ನಳಿಗೆಗೆ ತಳ್ಳುತ್ತದೆ. ಅಷ್ಟೇ ಕೆಲಸ. ಸಾವಿರ ಸಲ ಮಾಡಿದ್ದಳು. ಆ ಸೋಮವಾರ ಮಾತ್ರ ಸ್ಲೈಡ್ ಬಡಿದದ್ದೇ ತಡ, ಪಿಸ್ತೂಲು ಸಿಡಿಯಿತು. ಗುಂಡು ಡ್ರಮ್ಮಿನ ಕಬ್ಬಿಣದ ಅಂಚಿಗೆ ತಗುಲಿ ಹಾರಿ, ಬೆನ್ನು ತಿರುಗಿಸಿ ಬೂಟಿನ ದಾರ ಕಟ್ಟುತ್ತಿದ್ದ ದಫೇದಾರರ ಮೀನಖಂಡವನ್ನು ಸೀಳಿಕೊಂಡು ಹೋಯಿತು.

ದಫೇದಾರರು ಬದುಕಿಕೊಂಡರು. ಅವಳ ಕೆಲಸ ಬದುಕಿಕೊಳ್ಳುವ ಲಕ್ಷಣ ಕಾಣಲಿಲ್ಲ. ನಿರ್ಲಕ್ಷ್ಯ ಎಂಬ ಪದವನ್ನು ಅಮಾನತಿನ ಕಾಗದದಲ್ಲಿ ಆಗಲೇ ಟೈಪು ಮಾಡಿಯಾಗಿತ್ತು. ವಿಚಾರಣೆ ಗುರುವಾರಕ್ಕೆ. ಮನೆಯಲ್ಲಿ ಅವಳ ಸಂಬಳದ ಮೇಲೆ ನಿಂತಿದ್ದವರು ಇಬ್ಬರು, ಹೊಲಿಗೆ ಯಂತ್ರ ತುಳಿಯುವ ತಾಯಿ ಮತ್ತು ಆರು ವರ್ಷದ ಮಗಳು. ತಾಯಿ ಕೂಗಾಡಲಿಲ್ಲ. ಯಂತ್ರ ನಿಲ್ಲಿಸಿ, ಸೂಜಿಯಿಂದ ದಾರ ಬಿಡಿಸುತ್ತಾ, ಒಂದೇ ಮಾತು ಕೇಳಿದರು.

"ನಿಜ ಹೇಳೇ. ಬೆರಳು ತಾಗಿತ್ತಾ?"

"ಇಲ್ಲಮ್ಮ" ಎನ್ನಲು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಹತ್ತು ಜನ ಒಂದೇ ಸಮ ಹೇಳಿದರೆ ತನ್ನ ಬೆರಳೇ ತನಗೆ ಪರಕೀಯವಾಗುತ್ತದೆ. ತಾಗಿತ್ತೇನೋ. ತನಗೆ ತಿಳಿಯದೆಯೇ ತಾಗಿತ್ತೇನೋ. ಕೆಲಸ ಹೋಗುವುದಕ್ಕಿಂತ ಈ ಅನುಮಾನವೇ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಪಿಸ್ತೂಲನ್ನು ಬಿಚ್ಚಿ ನೋಡುವಾಗ ಆರೋಪಿ ಎದುರಿಗಿರಬೇಕು ಎಂಬುದು ನಿಯಮ. ಹಾಗಾಗಿ ಮಂಗಳವಾರ ಬೆಳಗ್ಗೆ ಅವಳು ಆರ್ಮರರ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

ಪಡೆಯ ಆಯುಧಗಳನ್ನೆಲ್ಲ ಮೂವತ್ತಾರು ವರ್ಷದಿಂದ ರಿಪೇರಿ ಮಾಡುತ್ತಿದ್ದ ಆ ಮನುಷ್ಯನನ್ನು ಎಲ್ಲರೂ ಕಿವಿ ಮೇಷ್ಟ್ರು ಎನ್ನುತ್ತಿದ್ದರು. ಒಣಕಲು ಮೈ, ದಾರ ಕಟ್ಟಿ ಕೊರಳಿಗೆ ನೇತುಹಾಕಿದ ಕನ್ನಡಕ. ಯಾವ ಪಿಸ್ತೂಲನ್ನೇ ಕೊಡಿ, ಖಾಲಿ ಮಾಡಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಟ್ರಿಗರನ್ನು ಮೆಲ್ಲಗೆ ಒತ್ತುತ್ತಿದ್ದರು. ಕ್ಲಿಕ್ ಎಂಬ ಸದ್ದು ಕೇಳಿ, ಒಳಗೆ ಯಾವ ಸ್ಪ್ರಿಂಗು ಸೋತಿದೆ, ಯಾವ ಅಂಚು ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಅದೇ ಕಿವಿಗೆ, ಮನೆಯಲ್ಲಿ ಹೆಂಡತಿ ಮೂರು ಸಲ ಕೂಗಿದರೂ ಕೇಳಿಸುತ್ತಿರಲಿಲ್ಲ ಎಂಬುದು ಬೇರೆ ಮಾತು. ನಿವೃತ್ತಿಗೆ ಇನ್ನು ಎಂಟೇ ದಿನ. ಬೀಳ್ಕೊಡುಗೆಗೆ ಶಾಮಿಯಾನ ಹೇಳಿಯಾಗಿತ್ತು.

ಉದ್ದನೆಯ ಹಸಿರು ಮೇಜು. ಅದರ ಮೇಲೆ ಬಿಳಿ ಬಟ್ಟೆ, ಬಿದ್ದ ಸಣ್ಣ ಭಾಗ ಉರುಳಿಹೋಗದಿರಲಿ ಎಂದು. ಗೋಡೆಯುದ್ದಕ್ಕೂ ಬಿಸ್ಕತ್ತಿನ ಡಬ್ಬಿಗಳು, ಒಂದೊಂದಕ್ಕೂ ಚೀಟಿ. ಎಣ್ಣೆಯ ವಾಸನೆ.

"ನನ್ನ ಪಿಸ್ತೂಲು ಎಲ್ಲಿ ಸಾರ್?" ಎಂದು ಕೇಳಿದಳು.

"ಅದು ನಾಳೆ. ಮೊದಲು ಕೂತ್ಕೋ."

"ನಾಳೆ ಯಾಕೆ?"

"ನೀನು ಸಾಕ್ಷಿ ತಾನೆ? ಒಳಗೆ ಏನಿದೆ ಅಂತ ಗೊತ್ತಿಲ್ಲದವರನ್ನ ಸಾಕ್ಷಿ ಅಂತ ಕೂರಿಸ್ಕೊಂಡು ನಾನೇನು ಮಾಡ್ಲಿ? ಆ ಗೋಡೆ ಗಡಿಯಾರಾನೂ ನೋಡ್ತಾ ಕೂತಿರುತ್ತೆ. ಇವತ್ತು ಕಲಿ."

ಅವಳಿಗೆ ರೇಗಿತು. ತನ್ನ ತಲೆಯ ಮೇಲೆ ಕತ್ತಿ ತೂಗುತ್ತಿರುವಾಗ ಈ ಮುದುಕ ಪಾಠ ಹೇಳಲು ಹೊರಟಿದ್ದಾನಲ್ಲ. ಆದರೂ ಸ್ಟೂಲು ಎಳೆದುಕೊಂಡು ಕೂತಳು.

ಮೇಷ್ಟ್ರು ಬಟ್ಟೆಯ ಮೇಲೆ ಮೂರು ಪಿಸ್ತೂಲುಗಳನ್ನು ಸಾಲಾಗಿ ಇಟ್ಟರು. ಮೂರನ್ನೂ ಖಾಲಿ ಇವೆಯೇ ಎಂದು ತಾವು ನೋಡಿ, ಅವಳಿಗೆ ತೋರಿಸಿ, ಮತ್ತೆ ತಾವು ನೋಡಿದರು.

"ಬಾವಿಯಿಂದ ನೀರು ಸೇದಿದ್ದೀಯಾ?"

"ಚಿಕ್ಕವಳಿದ್ದಾಗ."

"ಹಾಗಾದ್ರೆ ಅರ್ಧ ಪಾಠ ಆಯ್ತು. ಗುಂಡು ಹಾರಬೇಕು ಅಂದ್ರೆ ಅದರ ಬೆನ್ನಿಗೆ ಒಂದು ಪೆಟ್ಟು ಬೀಳ್ಬೇಕು. ಪೆಟ್ಟು ಹಾಕೋದು ಈ ಹ್ಯಾಮರ್. ಇದನ್ನ ಸ್ಪ್ರಿಂಗಿನ ವಿರುದ್ಧ ಹಿಂದಕ್ಕೆ ಎತ್ತಿ ಬಿಡ್ಬೇಕು. ಕೊಡ ಮೇಲೆ ಎತ್ತಿ ಹಗ್ಗ ಬಿಟ್ಟ ಹಾಗೆ. ಎತ್ತೋದು ಯಾರು, ಬಿಡೋದು ಯಾರು? ಪಿಸ್ತೂಲಿನ ಜಾತಿ ಎಲ್ಲ ಇರೋದು ಇಷ್ಟರಲ್ಲೇ."

ಮೊದಲನೆಯದನ್ನು ಎತ್ತಿಕೊಂಡರು. ಅವಳದೇ ಮಾದರಿ, ಹಳೆಯದು. ಅದರಲ್ಲಿ ಕೊಡವನ್ನು ಎತ್ತಿಡುವುದು ಸ್ಲೈಡಿನ ಕೆಲಸ. ಎಳೆದಾಗ ಹ್ಯಾಮರ್ ಹಿಂದಕ್ಕೆ ಬಾಗಿ ಅಲ್ಲೇ ನಿಲ್ಲುತ್ತದೆ. ಬೆರಳಿಗೆ ಉಳಿದದ್ದು ಕಟ್ಟು ಬಿಚ್ಚುವ ಕೆಲಸ ಮಾತ್ರ, ಅದಕ್ಕೇ ಟ್ರಿಗರು ಹಗುರ. ಎರಡನೆಯದರಲ್ಲಿ ಬೆರಳೇ ಎತ್ತಬೇಕು, ಬೆರಳೇ ಬಿಡಬೇಕು. ಅವಳು ಒತ್ತಿ ನೋಡಿದಳು. ಟ್ರಿಗರು ದೂರ ಹೋಗುತ್ತಲೇ ಇತ್ತು, ಭಾರವಾಗುತ್ತಲೇ ಇತ್ತು, ಅವಳ ಕಣ್ಣೆದುರು ಹ್ಯಾಮರ್ ತಾನಾಗಿ ಮೇಲೆದ್ದು ತುದಿ ಮುಟ್ಟಿ ಟಪ್ಪೆಂದು ಬಿತ್ತು. ಬೆರಳು ನೋಯಿತು. ಮೂರನೆಯದಕ್ಕೆ ಹ್ಯಾಮರೇ ಕಾಣಲಿಲ್ಲ.

"ಇದರಲ್ಲಿ ಪೆಟ್ಟು ಹಾಕೋ ಪಿನ್ನು ಒಳಗೇ ಇರುತ್ತೆ. ಸ್ಪ್ರಿಂಗು ಅದರ ಬೆನ್ನಿಗೆ. ಸ್ಲೈಡ್ ಎಳೆದಾಗ ಕೊಡ ಅರ್ಧ ಬಾವಿಗೆ ಬಂದು ನಿಂತಿರುತ್ತೆ. ಮಿಕ್ಕರ್ಧ ಬೆರಳು ಎಳೀಬೇಕು. ಟ್ರಿಗರಿನ ನಡುವೆ ನೋಡು, ಪುಟ್ಟ ನಾಲಿಗೆ. ಅದನ್ನ ಒತ್ತದೆ ಟ್ರಿಗರು ಅಲ್ಲಾಡೋದೇ ಇಲ್ಲ. ಕೆಳಗೆ ಬಿದ್ರೂ, ಪಕ್ಕಕ್ಕೆ ಏನಾದ್ರೂ ತಾಗಿದ್ರೂ, ಇಲ್ಲ ಅಂದ್ರೆ ಇಲ್ಲ."

ಅವಳ ರೇಗು ಯಾವಾಗ ಇಳಿಯಿತೋ ಅವಳಿಗೇ ತಿಳಿಯಲಿಲ್ಲ. ಮೇಷ್ಟ್ರು ಮೊದಲನೆಯ ಪಿಸ್ತೂಲನ್ನು ಬಿಚ್ಚಿದರು. ಒಂದೊಂದೇ ಪಿನ್ನು ತಟ್ಟಿ, ಒಂದೊಂದೇ ಸ್ಪ್ರಿಂಗನ್ನು ಹೆಬ್ಬೆರಳಲ್ಲಿ ಅದುಮಿಕೊಂಡು. ಒಮ್ಮೆ ಹಾರಿಹೋದ ಒಂದು ಸ್ಪ್ರಿಂಗು ಹನ್ನೊಂದು ವರ್ಷದ ಮೇಲೆ ಫ್ಯಾನಿನ ಬಟ್ಟಲಲ್ಲಿ ಸಿಕ್ಕಿತಂತೆ. "ಅಲ್ಲೀವರೆಗೂ ಆ ಫ್ಯಾನು ಯಾಕೆ ಸದ್ದು ಮಾಡುತ್ತೆ ಅಂತ ನನ್ನ ಕಿವಿಗೆ ಗೊತ್ತಾಗ್ಲಿಲ್ಲ ನೋಡು" ಎಂದು ನಕ್ಕರು. ಆಮೇಲೆ ಹತ್ತಿಯ ಮೇಲೆ ಒಂದು ಉಕ್ಕಿನ ಚೂರನ್ನಿಟ್ಟು ಭೂತಗನ್ನಡಿ ಕೊಟ್ಟರು.

"ಇದಕ್ಕೆ ಪುಸ್ತಕದಲ್ಲಿ ಸಿಯರ್ ಅಂತಾರೆ. ನಾನು ಹಲ್ಲು ಅಂತೀನಿ. ಎತ್ತಿಟ್ಟ ಹ್ಯಾಮರನ್ನ ಹಿಡಿದು ನಿಲ್ಲಿಸೋದು ಇದರ ಈ ಅಂಚು."

ಅವಳು ಭೂತಗನ್ನಡಿಯಲ್ಲಿ ನೋಡಿದಳು. ಅಂಚು ಎಲ್ಲಿದೆ ಎಂದು ಹುಡುಕಲೇ ಸ್ವಲ್ಪ ಹೊತ್ತು ಬೇಕಾಯಿತು. ಅವಳ ಉಗುರಿನ ದಪ್ಪವೂ ಇರಲಿಲ್ಲ.

"ಇಷ್ಟೇನಾ?"

"ಇಷ್ಟೇ. ನೀನು ಸೊಂಟಕ್ಕೆ ಕಟ್ಕೊಂಡು ಜನರ ನಡುವೆ ಓಡಾಡ್ತೀಯಲ್ಲ, ಆಗೆಲ್ಲ ಒಂದು ಸಾವನ್ನ ಇಷ್ಟು ಅಂಚು ಹಲ್ಲು ಕಚ್ಚಿ ಹಿಡ್ಕೊಂಡಿರುತ್ತೆ."

ಮೇಷ್ಟ್ರು ಇನ್ನೊಂದು ತೆಳು ಪಟ್ಟಿ ತೋರಿಸಿದರು. ಗುಂಡು ಹಾರಿ ಸ್ಲೈಡ್ ಹಿಂದಕ್ಕೆ ಹೋದಾಗ ಆ ಪಟ್ಟಿ ಕೆಳಗಿಳಿದು ಟ್ರಿಗರಿಗೂ ಹಲ್ಲಿಗೂ ಸಂಬಂಧ ಕಡಿದುಬಿಡುತ್ತದೆ. ಗಾಬರಿಯಲ್ಲಿ ಬೆರಳು ಒತ್ತಿಹಿಡಿದೇ ಇದ್ದರೂ ಎರಡನೆಯ ಗುಂಡು ಹಾರುವುದಿಲ್ಲ. ಬೆರಳು ಸಡಿಲಿಸಿ ಮತ್ತೆ ಒತ್ತಲೇಬೇಕು. ಇನ್ನೊಂದು ತಡೆ, ಪುಟ್ಟ ಮೆಟ್ಟಿಲಿನಂಥದು, ಹ್ಯಾಮರಿನಲ್ಲೇ ಇತ್ತು, ಹಲ್ಲು ಅಕಸ್ಮಾತ್ ಜಾರಿದರೆ ನಡುದಾರಿಯಲ್ಲಿ ಹಿಡಿದುಕೊಳ್ಳಲು. ಹೆದರಿದ ಮನುಷ್ಯನ ಬೆರಳು ಏನು ಮಾಡೀತು ಎಂದು, ನೂರು ವರ್ಷದ ಹಿಂದೆ ಎಲ್ಲೋ ಕೂತು ಯಾರೋ ಯೋಚಿಸಿದ್ದರು. ಅವಳು ಬೆಕ್ಕಸ ಬೆರಗಾಗಿ ನೋಡುತ್ತಾ ಕೂತಳು. ನಾಲ್ಕು ವರ್ಷ ಹೊತ್ತು ತಿರುಗಿದ ವಸ್ತುವನ್ನು ಅವಳು ಅಂದು ಮೊದಲ ಸಲ ಕಂಡಳು.

"ಒಂದು ಮಾತು ನೆನಪಿಟ್ಕೋ ಮಗಳೇ. ಇದರೊಳಗೆ ಹಾರಿಸೋಕೆ ಅಂತ ಇರೋ ಭಾಗ ನಾಲ್ಕೋ ಐದೋ. ಮಿಕ್ಕಿದ್ದೆಲ್ಲ ಹಾರದ ಹಾಗೆ ತಡೆಯೋಕೆ."

ಕೊನೆಗೆ ಪಿಸ್ತೂಲಿನ ಹಿಡಿಯ ಮರದ ಪಟ್ಟಿ ಬಿಚ್ಚಿ, ಅದರಡಿಯ ಉಕ್ಕಿನ ಮೇಲೆ ಮೊಳೆಯಿಂದ ಕುಟ್ಟಿದ ಒಂದು ಚುಕ್ಕೆ ತೋರಿಸಿದರು. ಅದು ಅವರ ಗುಟ್ಟಿನ ರುಜು. ಬಿಚ್ಚಿ ಶುದ್ಧ ಮಾಡಿದ್ದಕ್ಕೆ ಒಂದು ಚುಕ್ಕೆ. ಸ್ಪರ್ಧೆಯ ಗುರಿಕಾರರಿಗಾಗಿ ಹಲ್ಲನ್ನು ಸಾಣೆಕಲ್ಲಿನ ಮೇಲೆ ತೀಡಿ ಟ್ರಿಗರು ಹಗುರ ಮಾಡಿದ್ದಕ್ಕೆ ಎರಡು ಚುಕ್ಕೆ. ಸ್ಪರ್ಧೆ ಮುಗಿದು, ತೀಡಿದ ಹಲ್ಲು ತೆಗೆದು, ಮೊದಲಿನ ಗಟ್ಟಿ ಹಲ್ಲನ್ನೇ ವಾಪಸು ಹಾಕಿದರೆ ಚುಕ್ಕೆಗಳ ಮೇಲೊಂದು ಗೆರೆ.

"ಗೆರೆ ಎಳೀದೆ ಯಾವುದೂ ಕಾವಲಿನವರ ಕೈಗೆ ಹೋಗಲ್ಲ" ಎಂದರು. ಆ ಹೆಮ್ಮೆ ಅವರಿಗೆ ಒಪ್ಪುತ್ತಿತ್ತು.

ಬುಧವಾರ ಮೊಹರು ಹಾಕಿದ ಲಕೋಟೆಯಿಂದ ಅವಳ ಪಿಸ್ತೂಲು ಹೊರಬಂತು. ಅದಕ್ಕೆ ಪಡೆಯಲ್ಲಿ ಒಳ್ಳೆಯ ಹೆಸರಿತ್ತು. ಗ್ರೀಸು ಬಳಿದು ವರ್ಷಗಟ್ಟಲೆ ಉಗ್ರಾಣದಲ್ಲಿಟ್ಟಿದ್ದ ಪೆಟ್ಟಿಗೆಯೊಂದನ್ನು ಹೋದ ವರ್ಷವಷ್ಟೇ ತೆಗೆದಿದ್ದರು. ಅದರಲ್ಲಿ ಬಂದದ್ದು ಇದು. ಗುರಿ ಚೆನ್ನಾಗಿ ಸಿಗುತ್ತದೆ, ಬೆರಳಿಗೆ ಬೆಣ್ಣೆಯ ಹಾಗಿದೆ ಎಂದು ಎಲ್ಲರೂ ಅದನ್ನೇ ಕೇಳುತ್ತಿದ್ದರು.

ಮೇಷ್ಟ್ರು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಒತ್ತಿದರು. ಕ್ಲಿಕ್. ಅವರ ಮುಖದಲ್ಲಿ ಸಣ್ಣ ನಗು ಮೂಡಿತು. "ಏನು ಸದ್ದು ನೋಡು. ಹಾಡಿದ ಹಾಗಿದೆ."

ಆಮೇಲೆ ಪಿಸ್ತೂಲನ್ನು ಮೇಜಿನ ಅಂಚಿನ ವೈಸಿನ ಇಕ್ಕಳಕ್ಕೆ ಕಚ್ಚಿಸಿ, ಹ್ಯಾಮರ್ ಎತ್ತಿ, ಟ್ರಿಗರಿಗೆ ಕೊಕ್ಕೆ ಸಿಕ್ಕಿಸಿ ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ನೇತುಹಾಕಿದರು. ಎರಡೂವರೆ ಕಿಲೋಗೆ ಬೀಳಬೇಕು. ಐನೂರು ಗ್ರಾಂ. ಏಳ್ನೂರು. ಒಂಬೈನೂರಕ್ಕೆ ಹ್ಯಾಮರ್ ಟಪ್ಪೆಂದು ಬಿತ್ತು.

ಮೇಷ್ಟ್ರ ನಗು ಹಾಗೇ ಆರಿಹೋಯಿತು. ಮತ್ತೆ ತೂಗಿದರು. ಒಂಬೈನೂರು. ಮತ್ತೆ ತೂಗಿದರು, ಎಂಟುನೂರೈವತ್ತು. ಹಿಡಿಯ ತಿರುಪು ಬಿಚ್ಚಿದರು. ಮರದ ಪಟ್ಟಿ ಕಳಚಿತು.

ಎರಡು ಚುಕ್ಕೆ. ಗೆರೆಯಿಲ್ಲ.

ಅವಳು ನೋಡಿದಳು. ಅವಳು ನೋಡಿದ್ದನ್ನು ಮೇಷ್ಟ್ರು ನೋಡಿದರು. ನಿನ್ನೆ ಈ ಹೊತ್ತಿಗೆ ಅವಳಿಗೆ ಆ ಚುಕ್ಕೆಗಳು ಬರೀ ಚುಕ್ಕೆಗಳಾಗಿರುತ್ತಿದ್ದವು. ಮೇಷ್ಟ್ರು ಹ್ಯಾಮರನ್ನು ಬೆಳಕಿಗೆ ಹಿಡಿದರು. ನಡುದಾರಿಯ ಮೆಟ್ಟಿಲಿನ ಅಂಚೂ ಯಾವಾಗಲೋ ಮುರಿದುಹೋಗಿತ್ತು. ಸ್ಟೂಲಿನಿಂದ ಎದ್ದು, ಗೋಡೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಇಳಿಸಿ, ಮುಚ್ಚಳ ತೆಗೆದು ಒಳಗೆ ನೋಡಿ, ಮುಚ್ಚಿದರು. ಬಟ್ಟೆಯ ಮೂಲೆ ಎತ್ತಿ ಪಿಸ್ತೂಲಿನ ಮೇಲೆ ಹೊದಿಸಿದರು.

"ನಾಳೆ ಬಾ" ಎಂದರು. ಅವಳ ಮುಖ ನೋಡಲಿಲ್ಲ.

ಮನೆಗೆ ಬಂದು ಮಗಳ ತಲೆ ಬಾಚುತ್ತಾ ಕೂತಾಗ ಅವಳಿಗೆ ಎಲ್ಲ ಅರ್ಥವಾಯಿತು. ಆ ಡಬ್ಬಿಯಲ್ಲಿದ್ದದ್ದು ವಾಪಸು ಹಾಕಬೇಕಾಗಿದ್ದ ಗಟ್ಟಿ ಹಲ್ಲು. ಮೇಷ್ಟ್ರು ಮನಸ್ಸು ಮಾಡಿದರೆ ಹತ್ತು ನಿಮಿಷದ ಕೆಲಸ. ಹಲ್ಲು ಬದಲಿಸಿ, ಮೊಳೆಯಿಂದ ಒಂದು ಗೆರೆ ಎಳೆದರೆ ಮುಗಿಯಿತು. ಪಿಸ್ತೂಲು ಸರಿಯಿದೆ, ತಪ್ಪು ಬೆರಳಿನದು. ಇನ್ನೊಂದು ವಾರದಲ್ಲಿ ಹಾರ, ಶಾಲು, ಭಾಷಣ. ಅವಳು ಕೂಗಿ ಹೇಳಿದರೂ ಕಿವಿ ಮೇಷ್ಟ್ರ ಮಾತಿನ ಮುಂದೆ ಅಮಾನತಾದ ಪೇದೆಯ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಅವಳ ಕೈ ಬಾಚಣಿಗೆಯಲ್ಲೇ ನಿಂತಿತು.

"ಅಮ್ಮಾ" ಎಂದು ಕೂಗಿದಳು. ಒಳಗಿನ ಹೊಲಿಗೆ ಯಂತ್ರ ನಿಂತಿತು. "ಬೆರಳು ತಾಗಿರಲಿಲ್ಲ."

ತಾಯಿ ಬಾಗಿಲಿಗೆ ಬಂದು ಅವಳ ಮುಖವನ್ನೇ ನೋಡಿದರು. "ಅಷ್ಟು ಸಾಕು ಬಿಡು. ಆಮೇಲಿಂದು ಆಮೇಲೆ" ಎಂದರು.

ಗುರುವಾರದ ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ ಕೈಗಡಿಯಾರ ನೋಡಿಕೊಳ್ಳುತ್ತಲೇ ಕೂತರು. ದಫೇದಾರರು ಊರುಗೋಲಿನೊಂದಿಗೆ ಗೋಡೆಗೆ ಒರಗಿದ್ದರು. ಮೇಷ್ಟ್ರು ಒಗೆದು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು, ಪಿಸ್ತೂಲನ್ನು ಮೇಜಿನ ಮೇಲಿಟ್ಟರು. ಹಲ್ಲು ಬದಲಾಗಿದೆಯೋ ಇಲ್ಲವೋ ಹೊರಗಿನಿಂದ ನೋಡಿ ಹೇಳುವುದು ಯಾರಿಂದಲೂ ಆಗುವಂತಿರಲಿಲ್ಲ.

"ಪಿಸ್ತೂಲು ತಾನಾಗಿ ಸಿಡಿಯಲ್ಲ, ಅಲ್ವಾ ಮೇಷ್ಟ್ರೇ? ಅಷ್ಟು ಬರೆದುಕೊಡಿ, ಮುಗಿಸೋಣ" ಎಂದರು ಅಧಿಕಾರಿ.

"ಒಂದು ಪೆನ್ಸಿಲ್ ಕೊಡಿ ಸಾರ್."

ಪಿಸ್ತೂಲು ಖಾಲಿಯಿದೆ ಎಂದು ಅಧಿಕಾರಿಗೆ ಮೂರು ಸಲ ತೋರಿಸಿದರು. ಅದನ್ನು ಅವರದೇ ಕೈಗೆ ಕೊಟ್ಟು, ನಳಿಗೆ ಮೇಲ್ಮುಖವಾಗಿ ಹಿಡಿಸಿದರು. ಬೆರಳನ್ನು ಟ್ರಿಗರಿನಿಂದ ಹೊರಗೆ ಚಾಚಿಸಿದರು. ಸ್ಲೈಡನ್ನೂ ಅವರಿಂದಲೇ ಹಿಂದಕ್ಕೆ ಎಳೆಸಿ ಹಿಡಿಸಿ, ಪೆನ್ಸಿಲನ್ನು ರಬ್ಬರಿನ ಕಡೆಯಿಂದ ನಳಿಗೆಯೊಳಗೆ ಇಳಿಬಿಟ್ಟರು.

"ಹ್ಯಾಮರ್ ಬಿದ್ರೆ ಪೆನ್ಸಿಲು ಚಿಮ್ಮುತ್ತೆ. ಬಿಡಿ ಸಾರ್."

ಸ್ಲೈಡ್ ಬಡಿಯಿತು. ಪೆನ್ಸಿಲು ಕೂತಲ್ಲೇ ಕೂತಿತ್ತು. ಮತ್ತೆ. ಏನಿಲ್ಲ. ಮೂರು, ನಾಲ್ಕು, ಐದು. ಅಧಿಕಾರಿ ಹುಬ್ಬು ಗಂಟಿಕ್ಕಿದರು. ರೈಟರ್ ಕಿಸಕ್ಕೆಂದ. ಹಲ್ಲು ಬದಲಿಸಿಬಿಟ್ಟಿದ್ದಾರೆ, ಇದೆಲ್ಲ ನಾಟಕ ಎಂದುಕೊಂಡಳು. ಆರು.

"ಇನ್ನೊಂದ್ಸಲ ಸಾರ್" ಎಂದರು ಮೇಷ್ಟ್ರು. ಅವರ ಹಣೆಯಲ್ಲಿ ಬೆವರಿತ್ತು.

ಏಳನೆಯ ಸಲ ಸ್ಲೈಡ್ ಬಡಿದೊಡನೆ ಒಳಗೆ ಇನ್ನೊಂದು ಸದ್ದು ಕೇಳಿತು. ಪೆನ್ಸಿಲು ನಳಿಗೆಯಿಂದ ಚಿಮ್ಮಿ ಚಾವಣಿಗೆ ಬಡಿದು, ಮೊನೆ ಮುರಿದುಕೊಂಡು ಮೇಜಿನ ಮೇಲೆ ಬಿತ್ತು. ಅಧಿಕಾರಿ ಪಿಸ್ತೂಲು ನೋಡಿದರು, ದೂರ ಚಾಚಿಕೊಂಡೇ ಇದ್ದ ತಮ್ಮ ಬೆರಳನ್ನು ನೋಡಿದರು.

ಮೇಷ್ಟ್ರು ಮರದ ಪಟ್ಟಿ ಬಿಚ್ಚಿ ಚುಕ್ಕೆಗಳನ್ನು ತೋರಿಸಿದರು.

"ಸ್ಲೈಡ್ ಬಡಿದ ಅದುರಿಗೆ ಹಲ್ಲು ಜಾರುತ್ತೆ ಸಾರ್. ಸಲಸಲಕ್ಕೂ ಅಲ್ಲ, ಯಾವಾಗಲೋ ಒಂದ್ಸಲ. ಇಷ್ಟು ದಿನ ಹ್ಯಾಮರಿನ ಮೆಟ್ಟಿಲು ನಡುದಾರೀಲಿ ಹಿಡ್ಕೊಳ್ತಿತ್ತು, ಈಗ ಅದೂ ಮುರಿದಿದೆ. ಹನ್ನೆರಡು ವರ್ಷದ ಹಿಂದೆ ಸ್ಪರ್ಧೆಗೆ ಅಂತ ಇದನ್ನ ತೀಡಿದ್ದು ನಾನು. ಗೆಲುವೂ ಬಂತು. ಹಲ್ಲು ವಾಪಸು ಹಾಕೋ ವಾರ ನಮ್ಮಮ್ಮ ತೀರ್ಕೊಂಡ್ರು. ರಜೆ ಮುಗಿಸಿ ಬರೋ ಹೊತ್ತಿಗೆ ಇದು ಪೆಟ್ಟಿಗೇಲಿ ಉಗ್ರಾಣಕ್ಕೆ ಹೋಗಿತ್ತು. ಅದನ್ನ ಮರೆತದ್ದು ಒಂದು ತಪ್ಪು. ಹೋದ ವರ್ಷ ಪೆಟ್ಟಿಗೆ ತೆಗೆದಾಗ ತೂಕ ಕಟ್ಟಿ ನೋಡಿದ್ರೆ ಆಗ್ಲೇ ಸಿಕ್ಕಿಬೀಳ್ತಿತ್ತು. ನನಗೆ ತೂಕ ಯಾಕೆ, ಕಿವಿ ಇದೆಯಲ್ಲ ಅಂತ ಬರೀ ಕೇಳಿ ರುಜು ಹಾಕ್ದೆ. ನಾನೇ ತೀಡಿದ ಹಲ್ಲಲ್ವಾ, ನನ್ನ ಕಿವಿಗೆ ಹಿತವಾಗೇ ಕೇಳಿಸ್ತು." ಅವರು ಅವಳ ಕಡೆ ತಿರುಗಿದರು. "ಅವತ್ತು ಟ್ರಿಗರ್ ಮೇಲೆ ಇದ್ದದ್ದು ಈ ಹುಡುಗಿ ಬೆರಳಲ್ಲ ಸಾರ್. ನನ್ನದು."

ಅಧಿಕಾರಿ ಮೊನೆ ಮುರಿದ ಪೆನ್ಸಿಲನ್ನು ಪಕ್ಕಕ್ಕೆ ಸರಿಸಿದರು. "ಇದನ್ನ ಬರೆದುಕೊಟ್ರೆ ನಿಮ್ಮ ಮೇಲೇ ಬರುತ್ತೆ. ಒಂದು ವಾರ ಇದೆ ನಿಮಗೆ. ಯೋಚನೆ ಮಾಡಿ."

"ನಿನ್ನೇನೇ ಬರೆದಿಟ್ಟೆ ಸಾರ್" ಎಂದು ಮೇಷ್ಟ್ರು ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಕೆಳಗೆ ರುಜುವೂ ಇತ್ತು, ತಾರೀಖೂ ಇತ್ತು.

ಅವಳಿಗೆ ಗೆದ್ದೆ ಎನ್ನಿಸಲಿಲ್ಲ. ಆ ಒಣಕಲು ಮನುಷ್ಯನನ್ನು ನೋಡುತ್ತಾ ಅವಳಿಗೆ ಭೂತಗನ್ನಡಿಯಲ್ಲಿ ಕಂಡ ಆ ಅಂಚು ನೆನಪಾಯಿತು, ಕಣ್ಣು ತುಂಬಿ ಬಂತು. ಅಷ್ಟು ಚಿಕ್ಕದು ಅಷ್ಟು ದೊಡ್ಡದನ್ನು ಹೇಗೆ ಹಿಡಿದು ನಿಲ್ಲಿಸುತ್ತದೆಯೋ.

ದಫೇದಾರರು ಊರುಗೋಲು ಊರಿಕೊಂಡು ಬಂದು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು. "ಹನ್ನೆರಡು ವರ್ಷ ನನ್ನ ಕಾಲು ಹುಡುಕ್ಕೊಂಡು ಬಂತಲ್ಲ ಮಾರಾಯ್ರೇ" ಎಂದರು. ಯಾರೋ ನಕ್ಕರು. ಮೇಷ್ಟ್ರಿಗೆ ನಗಲಾಗಲಿಲ್ಲ.

ಅವಳ ಅಮಾನತು ರದ್ದಾಯಿತು. ಮೇಷ್ಟ್ರ ಸೇವಾ ಪುಸ್ತಕದ ಕೊನೆಯ ಹಾಳೆಯಲ್ಲಿ, ಮೂವತ್ತಾರು ವರ್ಷದಲ್ಲಿ ಮೊದಲ ಬಾರಿಗೆ, ಕೆಂಪು ಶಾಯಿ ಬಿತ್ತು. ಶಾಮಿಯಾನದವನಿಗೆ ಬರಬೇಡ ಎಂದು ಹೇಳಿ ಕಳಿಸಿದರು. ನಿನ್ನೆಯವರೆಗೆ ಮೇಷ್ಟ್ರೇ ಮೇಷ್ಟ್ರೇ ಎನ್ನುತ್ತಿದ್ದವರು ಕಾರಿಡಾರಿನಲ್ಲಿ ಬೂಟಿನ ತುದಿ ನೋಡುತ್ತಾ ನಡೆದರು. ಕಚೇರಿಗಳ ನೆನಪಿನ ಶಕ್ತಿಯೇ ಅಷ್ಟು.

ಮೇಷ್ಟ್ರ ಸೇವೆಯ ಕೊನೆಯ ದಿನ ಬೆಳಗಿನ ಪಾಳಿಗೆ ಅವಳು ಆಯುಧದ ಕೋಣೆಯ ಕಿಟಕಿಗೆ ಬಂದಳು. ಒಳಗೆ ಮೇಷ್ಟ್ರೇ ಇದ್ದರು.

"ನನಗೆ ಅದೇ ಬೇಕು ಮೇಷ್ಟ್ರೇ."

"ಬೇರೇದು ತಗೋ ಮಗಳೇ. ಸರಿ ಮಾಡಿದ್ದೀನಿ, ಹ್ಯಾಮರೂ ಹೊಸದು, ತೂಕಾನೂ ಕಟ್ಟಿದ್ದೀನಿ, ನೂರು ಸಲ ಬಡಿದೂ ನೋಡಿದ್ದೀನಿ. ಆದ್ರೂ ಬೇಡ."

"ಗೆರೆ ಎಳೆದಿದ್ದೀರಾ?"

ಮೇಷ್ಟ್ರು ಮರದ ಪಟ್ಟಿ ಬಿಚ್ಚಿದ ಪಿಸ್ತೂಲನ್ನೂ ಚೂಪಾದ ಮೊಳೆಯನ್ನೂ ಕಿಟಕಿಯ ಹಲಗೆಯ ಮೇಲಿಟ್ಟರು. "ಎಳೆಯೋಕೆ ಕೈ ಬರ್ಲಿಲ್ಲ" ಎಂದರು.

ಅವಳು ಮೊಳೆ ತೆಗೆದುಕೊಂಡು, ಎರಡು ಚುಕ್ಕೆಗಳ ಮೇಲೆ ಒತ್ತಿ ಒಂದು ಗೆರೆ ಎಳೆದಳು. ಸ್ವಲ್ಪ ಸೊಟ್ಟಗಾಯಿತು. ಪಟ್ಟಿಗೆ ತಿರುಪು ಹಾಕಿಸಿಕೊಂಡು, ಪಿಸ್ತೂಲು ಹಿಡಿದು ಅಂಗಳದ ಮೂಲೆಗೆ ನಡೆದಳು. ಮೇಷ್ಟ್ರು ಕಿಟಕಿಯ ಸರಳು ಹಿಡಿದು ನಿಂತರು. ದಫೇದಾರರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು, ಏಳಲಿಲ್ಲ. ನಳಿಗೆ ಮರಳಿನ ಕಡೆಗೆ, ಬೆರಳು ಹೊರಗೆ. ಸ್ಲೈಡ್ ಎಳೆದಳು. ಬಿಟ್ಟಳು.

ಫಟ್ಟೆಂದು ಬಡಿಯಿತು. ಆಮೇಲೆ ಏನೂ ಇಲ್ಲ. ಗೋಡೆಯಾಚೆ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು.

ಕಿಟಕಿಯಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನಿಂತಿದ್ದರು. ಬಹಳ ಹೊತ್ತು ಹಾಗೇ ಕೇಳುತ್ತಿದ್ದರು. ಅವಳು ಪಿಸ್ತೂಲನ್ನು ಸೊಂಟದ ಚೀಲಕ್ಕೆ ಇಳಿಸಿ, ಕಿಟಕಿಯ ಮುಂದೆ ಬಂದು, ಅಧಿಕಾರಿಗಳಿಗೆ ಹೊಡೆಯುವಂತೆ ಒಂದು ಸೆಲ್ಯೂಟ್ ಹೊಡೆದು, ಕೆಲಸಕ್ಕೆ ಹೋದಳು.